ಒಡ್ಡೋಲಗದ ಪೈಪೋಟಿ: ಹೈಡನ್ನನ ಸಿಂಫನಿ, ಕಲ್ಯಾಣದ ವಿನೋದ, ಮೈಸೂರಿನ ವೀಣೆ

ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ನಾನು ಆಡಿದ ಮಾತುಗಳನ್ನೇ ಇಲ್ಲಿ ಲೇಖನವಾಗಿ ಬರೆದುಕೊಂಡಿದ್ದೇನೆ. ಅಲ್ಲಲ್ಲಿ ಮಾತಿನ ಧಾಟಿ ಹಂಗೇ ಉಳಿದಿದೆ. ಕೊನೆಯಲ್ಲಿ ಗೆಳೆಯರು ಮತ್ತು ಗುರುಗಳು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

1. ಪ್ರಶ್ನೆ ಹುಟ್ಟಿದ್ದು

ನಮ್ಮೂರು ಕಾಸಾರಶಿರಸಿ. ಲಾತೂರ ಜಿಲ್ಲೆ, ನಿಲಂಗಾ ತಾಲೂಕು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ. 1956ರಲ್ಲಿ ರಾಜ್ಯಗಳು ಹೊಸದಾಗಿ ವಿಂಗಡಣೆಯಾಗುವ ಮೊದಲು ನಿಲಂಗಾ ಮತ್ತು ಉದಗೀರ ಬೀದರ ಜಿಲ್ಲೆಯ ತಾಲೂಕುಗಳಾಗಿದ್ದವು. ಆಮೇಲೆ ಗೆರೆ ಆ ಕಡೆ ಬಿತ್ತು, ನಾವು ಈ ಕಡೆ ಉಳಿದೆವು.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಒಂದು ಗಾಯನ ಸ್ಪರ್ಧೆಗೆ ಹೋಗಿದ್ದೆ. ಅಜ್ಜಿಯಿಂದ ಕಲಿತ ಬೀಸುವ ಪದ ಹಾಡಿದೆ, ಕನ್ನಡದಲ್ಲಿ. ಸಭೆ ಚಪ್ಪಾಳೆ ಹೊಡೆಯಿತು. ನಿರ್ಣಾಯಕರು ನನ್ನನ್ನು ಕರೆದು ಪ್ರೀತಿಯಿಂದಲೇ ಹೇಳಿದರು: ಧ್ವನಿ ಚಲೋ ಇದೆ, ಆದರೆ ಮಾತು ನಮಗೆ ತಿಳಿಯಲಿಲ್ಲ, ಸಾಹಿತ್ಯದ ಅಂಕ ಎಲ್ಲಿಂದ ಕೊಡೋದು? ಅವರ ಮೇಲೆ ನನಗೆ ಸಿಟ್ಟಿಲ್ಲ. ತಿಳಿಯದ ಮಾತಿಗೆ ಅಂಕ ಕೊಡದೆ ಇದ್ದದ್ದು ಪ್ರಾಮಾಣಿಕತನವೇ. ಆದರೆ ಅವತ್ತಿನಿಂದ ಒಂದು ಪ್ರಶ್ನೆ ನನ್ನ ಜೊತೆಗೇ ಇದೆ. ಸ್ಪರ್ಧೆ ನಡೆಯುವುದು ಹಾಡುಗಾರರ ನಡುವೆಯೋ, ಅಥವಾ ಅದನ್ನು ಏರ್ಪಡಿಸಿದವರ ತಲೆಯೊಳಗೋ?

ಕಲಾವಿದರ ಪೈಪೋಟಿ ಎಂದಕೂಡಲೇ ನಮಗೆ ನೆನಪಾಗುವುದು ಮತ್ಸರದ ಕಥೆಗಳು. ಒಬ್ಬ ಪ್ರತಿಭಾವಂತ, ಒಬ್ಬ ಹೊಟ್ಟೆಕಿಚ್ಚಿನವ, ನಡುವೆ ಸಿಂಹಾಸನದ ಮೇಲೆ ಅರಸ. ಈ ಚಿತ್ರದಲ್ಲಿ ನಾವು ಇಬ್ಬರು ಕಲಾವಿದರನ್ನೇ ದಿಟ್ಟಿಸುತ್ತೇವೆ, ಸಿಂಹಾಸನ ಕಣ್ಣಿಗೆ ಬೀಳುವುದಿಲ್ಲ. ಈ ಪ್ರಬಂಧದಲ್ಲಿ ನಾನು ನೋಡಹೊರಟಿರುವುದು ಅದನ್ನೇ. ಯುರೋಪಿನಿಂದ ಎರಡು ಪ್ರಸಂಗ, ನಮ್ಮ ಕಡೆಯಿಂದ ಮೂರು.

2. ಲಂಡನ್, 1792: ಗುರು ಮತ್ತು ಶಿಷ್ಯ

ಸಿಂಫನಿ ಎಂಬ ಪ್ರಕಾರದ ಬಗ್ಗೆ ಮೊದಲು ಎರಡು ಮಾತು. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಅದರ ರೂಪ ಒಂದು ಹದಕ್ಕೆ ಬಂದಿತ್ತು. ಹಾಡುಗಾರರಿಲ್ಲದೆ ವಾದ್ಯಮೇಳವೊಂದೇ ನುಡಿಸುವ ನಾಲ್ಕು ಭಾಗಗಳ ರಚನೆ ಅದು. ಮೊದಲನೆಯದು ಚುರುಕು, ಎರಡನೆಯದು ಸಾವಕಾಶ, ಮೂರನೆಯದು ಕುಣಿತದ ನಡೆ, ಕೊನೆಯದು ಮತ್ತೆ ಚುರುಕು. ನಮ್ಮ ಕಛೇರಿಯಲ್ಲಿ ಮನೋಧರ್ಮಕ್ಕೆ ಇರುವ ಜಾಗ ಅಲ್ಲಿಲ್ಲ. ಪ್ರತಿ ವಾದ್ಯದ ಪ್ರತಿ ಸ್ವರವೂ ಕಾಗದದ ಮೇಲೆ ಬರೆದಿರುತ್ತದೆ. ಅದಕ್ಕೇ ಅಲ್ಲಿ ಹಸ್ತಪ್ರತಿಗೆ ಅಷ್ಟು ಬೆಲೆ.

ಈ ರೂಪವನ್ನು ಬೆಳೆಸಿದವರಲ್ಲಿ ಮುಖ್ಯನಾದವನು ಜೋಸೆಫ್ ಹೈಡನ್. 1761ರಿಂದ 1790ರವರೆಗೆ, ಸುಮಾರು ಮೂವತ್ತು ವರ್ಷ, ಎಸ್ಟರ್‌ಹಾಜಿ ಎಂಬ ಶ್ರೀಮಂತ ಮನೆತನದ ಆಸ್ಥಾನದಲ್ಲಿದ್ದ. ಅವನ ಮೊದಲ ಕರಾರುಪತ್ರ ನಮ್ಮಂಥ ಸಾಹಿತ್ಯದ ವಿದ್ಯಾರ್ಥಿಗಳೂ ಓದಬೇಕಾದ ದಾಖಲೆ. ಅವನು ಸಮವಸ್ತ್ರ ಧರಿಸಬೇಕು. ಒಡೆಯ ಹೇಳಿದಾಗ ಹೇಳಿದ್ದನ್ನು ರಚಿಸಬೇಕು. ಆ ರಚನೆಯನ್ನು ಬೇರೆ ಯಾರಿಗೂ ಕೊಡಬಾರದು. ಅಂದರೆ ಸಂಗೀತ ಒಡೆಯನ ಸೊತ್ತು. ಈ ಕಟ್ಟು 1779ರ ಹೊಸ ಕರಾರಿನಲ್ಲಿ ಸಡಿಲವಾಯಿತು. 1790ರಲ್ಲಿ ಒಡೆಯ ನಿಕೋಲಸ್ ತೀರಿಕೊಂಡ ಮೇಲೆ ಸಾಲೊಮನ್ ಎಂಬ ಪಿಟೀಲುವಾದಕ, ಕಛೇರಿಗಳ ಆಯೋಜಕ, ಹೈಡನ್ನನನ್ನು ಲಂಡನ್ನಿಗೆ ಕರೆದೊಯ್ದ. ಅಲ್ಲಿ ಅರಸನ ಜಾಗದಲ್ಲಿ ಟಿಕೀಟು ಕೊಂಡ ಜನ ಇದ್ದರು.

ಲಂಡನ್ನಿನಲ್ಲಿ ಇನ್ನೊಂದು ಕಛೇರಿ ಮಂಡಳಿಯೂ ಇತ್ತು. ಸಾಲೊಮನ್‌ಗೆ ಎದುರಾಗಿ ಅವರು 1792ರ ಹಂಗಾಮಿಗೆ ಕರೆಸಿಕೊಂಡದ್ದು ಇಗ್ನಾಜ್ ಪ್ಲೆಯೆಲ್ ಎಂಬವನನ್ನು. ಈ ಆಯ್ಕೆಯಲ್ಲಿ ಲೆಕ್ಕಾಚಾರ ಇತ್ತು. ಪ್ಲೆಯೆಲ್ ಹೈಡನ್ನನ ಸ್ವಂತ ಶಿಷ್ಯ, ಅವನಿಗಿಂತ ಇಪ್ಪತ್ತೈದು ವರ್ಷ ಚಿಕ್ಕವ. ಗುರುವಿನ ಎದುರು ಶಿಷ್ಯನನ್ನು ನಿಲ್ಲಿಸಿದರೆ ಜನ ಮುಗಿಬೀಳುತ್ತಾರೆ, ಅಲ್ವಾ? ಗುರು ಶಿಷ್ಯರ ನಡುವೆ ಸಮರ ಶುರುವಾಗಲಿದೆ ಎಂದು ಹೈಡನ್ ತಾನೇ ಪತ್ರವೊಂದರಲ್ಲಿ ಅರ್ಧ ತಮಾಷೆಯಾಗಿ ಬರೆದಿದ್ದಾನೆ.

1792ರ ಮಾರ್ಚ್ 23ರಂದು ಹೈಡನ್ನನ 94ನೆಯ ಸಿಂಫನಿ ಮೊದಲ ಸಲ ಕೇಳಿಸಿತು. ಅದರ ಎರಡನೆಯ ಭಾಗ ಮಗುವೂ ಗುನುಗಬಹುದಾದ ಸರಳ ರಾಗದಿಂದ ಮೆತ್ತಗೆ ಆರಂಭವಾಗುತ್ತದೆ. ಅದೇ ರಾಗ ಎರಡನೆಯ ಸಲ ಇನ್ನೂ ಮೆತ್ತಗೆ ಬರುತ್ತದೆ, ಕೇಳುವವರು ಕಿವಿ ಮುಂದೆ ಮಾಡಬೇಕು ಅಷ್ಟು ಮೆತ್ತಗೆ. ಆಗ ಇದ್ದಕ್ಕಿದ್ದ ಹಾಗೆ ಇಡೀ ಮೇಳ, ನಗಾರಿಯೂ ಸೇರಿ, ಒಂದೇ ಪೆಟ್ಟು ಹೊಡೆಯುತ್ತದೆ. ಆಮೇಲೆ ಏನೂ ಆಗಿಲ್ಲವೆಂಬಂತೆ ರಾಗ ಮುಂದುವರಿಯುತ್ತದೆ. ತೂಕಡಿಸುವ ಶ್ರೀಮಂತರನ್ನು ಎಬ್ಬಿಸಲು ಇದನ್ನು ಬರೆದ ಅಂತ ಒಂದು ಕಥೆ ಜನಪ್ರಿಯವಾಗಿದೆ. ಮುಪ್ಪಿನಲ್ಲಿ ಜೀವನಚರಿತ್ರೆಕಾರ ಗ್ರೀಸಿಂಗರ್ ಇದನ್ನೇ ಕೇಳಿದಾಗ ಹೈಡನ್ ಅಲ್ಲಗಳೆದ. ಹೊಸದೇನಾದರೂ ಮಾಡಿ ಜನರನ್ನು ಬೆರಗುಗೊಳಿಸಬೇಕಿತ್ತು, ಶಿಷ್ಯ ಪ್ಲೆಯೆಲ್‌ನ ಎದುರು ಹಿಂದೆ ಬೀಳಬಾರದಿತ್ತು, ಎಂಬ ಅರ್ಥದ ಉತ್ತರ ಕೊಟ್ಟ.

ಇಲ್ಲಿ ನಮಗೆ ಗ್ರಂಥಸಂಪಾದನೆಯ ಪಾಠ ಒಂದಿದೆ. ಹೈಡನ್ ಮೊದಲು ಬರೆದ ಪಾಠದಲ್ಲಿ ಆ ಪೆಟ್ಟು ಇರಲೇ ಇಲ್ಲ. ತಿದ್ದುವಾಗ ಸೇರಿಸಿದ್ದು. ಅಂದರೆ ಪೈಪೋಟಿಯ ಗುರುತು ಹಸ್ತಪ್ರತಿಯಲ್ಲೇ ಉಳಿದಿದೆ, ಒಂದು ಸೇರ್ಪಡೆಯಾಗಿ. ಮೂಲ ರಾಗವನ್ನು ಅದು ಕೆಡಿಸಲಿಲ್ಲ, ಕೇಳುವ ಬಗೆಯನ್ನು ಬದಲಿಸಿತು.

ಇನ್ನು ಆ ಸಮರ? ಪ್ಲೆಯೆಲ್ ಲಂಡನ್ನಿಗೆ ಬಂದಿಳಿದ ಕೂಡಲೇ ಗುರುವಿನ ಜೊತೆ ಊಟಕ್ಕೆ ಕೂತ. ಒಬ್ಬರ ಕಛೇರಿಗೆ ಇನ್ನೊಬ್ಬರು ಹೋದರು. ಮುಂದೆ ಪ್ಯಾರಿಸಿನಲ್ಲಿ ಪ್ರಕಾಶಕನಾದ ಪ್ಲೆಯೆಲ್, 1801ರಲ್ಲಿ ಹೈಡನ್ನನ ತಂತಿವಾದ್ಯ ಚತುಷ್ಟಯಗಳ ಸಮಗ್ರ ಸಂಪುಟವನ್ನು ತಂದ. ಎರಡು ಮಂಡಳಿಗಳು ಜಗಳ ಹೂಡಿದವು, ಗುರು ಶಿಷ್ಯರು ಆ ಜಗಳವನ್ನು ಸಂಗೀತದಲ್ಲಿ ಮಾತ್ರ ಆಡಿದರು.

3. ವಿಯೆನ್ನಾದ ಕಥೆ, ನಮ್ಮ ಚರಿತೆಗಳ ಕಥೆ

ಪೈಪೋಟಿಯ ಅತಿ ದೊಡ್ಡ ಕಥೆ ಮೊಜಾರ್ಟ್ ಮತ್ತು ಸಾಲಿಯೇರಿಯದು. 1786ರ ಫೆಬ್ರುವರಿ 7ರಂದು ಚಕ್ರವರ್ತಿ ಎರಡನೆಯ ಜೋಸೆಫ್ ತನ್ನ ಷೋನ್‌ಬ್ರುನ್ ಅರಮನೆಯ ಉದ್ದನೆಯ ಕೋಣೆಯಲ್ಲಿ ಎರಡು ರಂಗ ಕಟ್ಟಿಸಿದ, ಆ ತುದಿಗೊಂದು, ಈ ತುದಿಗೊಂದು. ಒಂದರಲ್ಲಿ ಮೊಜಾರ್ಟನ ಜರ್ಮನ್ ಆಟ, ಇನ್ನೊಂದರಲ್ಲಿ ಸಾಲಿಯೇರಿಯ ಇಟಾಲಿಯನ್ ಆಟ. ಸಾಲಿಯೇರಿಗೆ 100 ಡುಕಾಟ್ ಸಂಭಾವನೆ, ಮೊಜಾರ್ಟನಿಗೆ 50. ಇಷ್ಟು ಕೇಳಿದರೆ ಅನ್ಯಾಯ ಅನಿಸುತ್ತದೆ. ಆದರೆ ಸಾಲಿಯೇರಿ ಬರೆದದ್ದು ಪೂರ್ತಿ ಹಾಡುವ ನಾಟಕ. ಮೊಜಾರ್ಟನದು ಮಾತಿನ ನಾಟಕ, ಅದಕ್ಕೆ ಪೀಠಿಕೆಯ ವಾದ್ಯಸಂಗೀತ ಮತ್ತು ಕೆಲವೇ ಹಾಡುಗಳು. ನಿಜವಾದ ಸ್ಪರ್ಧೆ ಇದ್ದದ್ದು ಜರ್ಮನ್ ಮತ್ತು ಇಟಾಲಿಯನ್ ನಡುವೆ: ಆಸ್ಥಾನದ ರಂಗದಲ್ಲಿ ಯಾವ ಭಾಷೆ ಹಾಡಬೇಕು? ಗಡಿಯವನಾದ ನನಗೆ ಈ ಪ್ರಶ್ನೆ ಬೇಗ ಕಿವಿಗೆ ಬಿತ್ತು.

ವಿಷ ಹಾಕಿದ ಕಥೆ ವದಂತಿಯಾಗಿ ಶುರುವಾಯಿತು. ಸಾಲಿಯೇರಿ 1825ರಲ್ಲಿ ತೀರಿಕೊಂಡ. ಪುಷ್ಕಿನ್ 1830ರಲ್ಲಿ ಪುಟ್ಟ ನಾಟಕ ಬರೆದ. ಪೀಟರ್ ಶಾಫರ್‌ನ ‘ಅಮೇಡಿಯಸ್’ 1979ರಲ್ಲಿ ರಂಗಕ್ಕೆ ಬಂತು, 1984ರಲ್ಲಿ ಸಿನಿಮಾ ಆಯಿತು. ದಾಖಲೆಗಳು ಹೇಳುವುದು ಬೇರೆ. 1791ರ ಅಕ್ಟೋಬರಿನಲ್ಲಿ ಮೊಜಾರ್ಟ್ ತಾನೇ ಸಾಲಿಯೇರಿಯನ್ನು ತನ್ನ ‘ಮಾಂತ್ರಿಕ ಕೊಳಲು’ ನಾಟಕಕ್ಕೆ ಕರೆದೊಯ್ದಿದ್ದ, ಅವನು ಮೆಚ್ಚಿ ಭಲೇ ಎಂದದ್ದನ್ನು ಹೆಂಡತಿಗೆ ಬರೆದ. ಮೊಜಾರ್ಟನ ಕಿರಿಯ ಮಗ ಮುಂದೆ ಸಾಲಿಯೇರಿಯ ಹತ್ತಿರ ಪಾಠ ಕಲಿತ. ಇಬ್ಬರೂ ಸೇರಿ 1785ರಲ್ಲಿ ರಚಿಸಿದ್ದ ಒಂದು ಹಾಡು ಕಳೆದುಹೋಗಿದೆ ಎಂದೇ ಎಲ್ಲರೂ ನಂಬಿದ್ದರು. ಅದು ಪ್ರಾಗ್‌ನಲ್ಲಿ ಸಿಕ್ಕಿ, 2016ರಲ್ಲಿ ಮತ್ತೆ ನುಡಿಯಿತು.

ಕನ್ನಡದ ಓದುಗರಿಗೆ ಈ ಬಗೆಯ ಕಥೆ ಹೊಸದಲ್ಲ. ಹರಿಹರ ಮತ್ತು ರಾಘವಾಂಕರ ಕಥೆ ನೆನಪಿಸಿಕೊಳ್ಳಿ. ಹರಿಶ್ಚಂದ್ರನ ಕಾವ್ಯ ಅರಸನ ಸಭೆಯಲ್ಲಿ ಮೆಚ್ಚುಗೆ ಪಡೆಯಿತು, ಮನುಷ್ಯನನ್ನು ಹೊಗಳಿದ್ದಕ್ಕೆ ಗುರು ಹರಿಹರ ಸಿಟ್ಟಾದ, ಹೊಡೆತಕ್ಕೆ ಶಿಷ್ಯನ ಹಲ್ಲು ಉದುರಿದವು, ಶಿವಶರಣರ ಚರಿತೆ ಬರೆದ ಮೇಲೆ ಮತ್ತೆ ಬಂದವು ಎಂದು ಆ ಐತಿಹ್ಯ. ಇದೂ ಕವಿಗಳು ಬದುಕಿದ್ದ ಕಾಲದ್ದಲ್ಲ, ಶತಮಾನಗಳ ನಂತರದ ಚರಿತೆಗಳಲ್ಲಿ ಬೆಳೆದದ್ದು. ಕುಮಾರವ್ಯಾಸ ಮತ್ತು ಚಾಮರಸರನ್ನು ನೆಂಟರನ್ನಾಗಿಸಿ, ಎದುರಾಳಿಗಳನ್ನಾಗಿಸಿದ ಐತಿಹ್ಯವೂ ಇದೇ ಜಾತಿಯದು.

ಈ ಕಥೆಗಳನ್ನು ಸುಳ್ಳು ಎಂದು ತಳ್ಳಿಹಾಕುವುದು ಸುಲಭ. ಆದರೆ ಅವು ಏನನ್ನು ವಿವರಿಸಲು ಹೊರಟಿವೆ ಎಂದು ಕೇಳಬೇಕು. ಹರಿಹರ ರಗಳೆಯ ಕವಿ, ರಾಘವಾಂಕ ಷಟ್ಪದಿಯ ಕವಿ. ಗುರುವಿನಿಂದ ಶಿಷ್ಯ ದೂರ ಸರಿದದ್ದು ಛಂದಸ್ಸಿನಲ್ಲಿ. ಈ ಬದಲಾವಣೆಯನ್ನು ಜನಕ್ಕೆ ಛಂದಸ್ಸಿನ ಲೆಕ್ಕದಲ್ಲಿ ಹೇಳಿದರೆ ಯಾರು ನೆನಪಿಡುತ್ತಾರೆ? ಹಲ್ಲು ಉದುರಿತು ಎಂದರೆ ಯಾರೂ ಮರೆಯುವುದಿಲ್ಲ. ನನ್ನ ಓದಿನಲ್ಲಿ, ಪೈಪೋಟಿಯ ಐತಿಹ್ಯ ಎಂದರೆ ಜನ ಬರೆದ ಸಾಹಿತ್ಯ ವಿಮರ್ಶೆ.

4. ಕಲ್ಯಾಣ: ಹಾಡು ಮತ್ತು ಟಗರಿನ ಕಾಳಗ

ಉಮರ್ಗಾ ದಾಟಿ ಹೈದರಾಬಾದ್ ರಸ್ತೆ ಹಿಡಿದರೆ ಕರ್ನಾಟಕದ ಗಡಿ, ಒಂದಿಷ್ಟು ಒಳಗೆ ಹೋದರೆ ಬಸವಕಲ್ಯಾಣ. ನಮ್ಮ ಕಡೆಯ ಜನಕ್ಕೆ ಅದು ಪಕ್ಕದೂರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರಲ್ಲಿ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಕೃತಿಯನ್ನು ರಚಿಸಿದ. ಐದು ವಿಂಶತಿಗಳು, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯಗಳು, ಒಟ್ಟು ನೂರು. ಆಸ್ಥಾನ ಎಂದರೆ ಏನು ಎಂದು ಸ್ವತಃ ಅರಸನೇ ಬರೆದಿಟ್ಟ ಪುಸ್ತಕ ಇದು.

ಇದರಲ್ಲಿ ‘ವಿನೋದ’ಗಳ ವಿಂಶತಿಯೊಂದಿದೆ. ಗೀತ ವಿನೋದ, ವಾದ್ಯ ವಿನೋದ, ನೃತ್ಯ ವಿನೋದ ಅದರಲ್ಲೇ ಬರುತ್ತವೆ. ಅದೇ ವಿಂಶತಿಯಲ್ಲಿ ಮತ್ತೇನು ಬರುತ್ತದೆ ನೋಡ್ರಿ: ಆನೆಗಳ ಆಟ, ಮಲ್ಲಯುದ್ಧ, ಕೋಳಿ ಕಾಳಗ, ಟಗರಿನ ಕಾಳಗ, ಕೋಣದ ಕಾಳಗ. ಸೋಮೇಶ್ವರ ಸಂಗೀತವನ್ನು ಕೀಳಾಗಿ ಕಂಡ ಅಂತ ನಾನು ಹೇಳುತ್ತಿಲ್ಲ. ಅವನು ಅದನ್ನು ಎಷ್ಟು ಬಲ್ಲ ಎಂಬುದು ಆ ಅಧ್ಯಾಯಗಳ ವಿವರದಲ್ಲೇ ಕಾಣುತ್ತದೆ. ಆದರೆ ಅರಸನ ಆಸನದಿಂದ ನೋಡಿದಾಗ ಇಬ್ಬರು ಹಾಡುಗಾರರೂ ಎರಡು ಟಗರುಗಳೂ ಒಂದೇ ಪರಿವಿಡಿಯಲ್ಲಿ ಬರುತ್ತಾರೆ. ಎದುರುಬದುರು ನಿಲ್ಲಿಸಿ ನೋಡುವುದು ಆಸ್ಥಾನದ ಅಭ್ಯಾಸ. ಷೋನ್‌ಬ್ರುನ್ನಿನ ಎರಡು ರಂಗಗಳಿಗೂ ಇದಕ್ಕೂ ಬಹಳ ದೂರವಿಲ್ಲ.

ಸೋಮೇಶ್ವರನ ಮಗ ಜಗದೇಕಮಲ್ಲ ‘ಸಂಗೀತ ಚೂಡಾಮಣಿ’ ಬರೆದ. ಮುಂದೆ ಪಾರ್ಶ್ವದೇವ ಎಂಬ ಜೈನ ವಿದ್ವಾಂಸ ತನ್ನ ‘ಸಂಗೀತ ಸಮಯಸಾರ’ದಲ್ಲಿ ಸಂಗೀತಗಾರರ ನಡುವಿನ ವಾದಕ್ಕೇ ಜಾಗ ಕೊಟ್ಟ. ವಾದಿ ಇದ್ದಾನೆ, ಪ್ರತಿವಾದಿ ಇದ್ದಾನೆ, ಜೊತೆಗೆ ಸಭಾಪತಿಯೂ ಇದ್ದಾನೆ. ಶಾಸ್ತ್ರಕಾರನಿಗೆ ಗೊತ್ತಿತ್ತು, ಸ್ಪರ್ಧೆಯ ವಿವರಣೆ ಹಾಡುಗಾರರಿಂದಷ್ಟೇ ಪೂರ್ತಿಯಾಗುವುದಿಲ್ಲ ಅಂತ.

ನನ್ನ ಮಟ್ಟಿಗೆ ‘ಮಾನಸೋಲ್ಲಾಸ’ದ ದೊಡ್ಡ ಸಂಗತಿ ಬೇರೆ. ಗೀತ ವಿನೋದದಲ್ಲಿ ಸೋಮೇಶ್ವರ ಹಲವು ದೇಶಭಾಷೆಗಳ ಹಾಡುಗಳನ್ನು ಉದಾಹರಣೆಗೆ ಕೊಡುತ್ತಾನೆ. ಕನ್ನಡದ್ದೂ ಇದೆ, ಮರಾಠಿಯದ್ದೂ ಇದೆ. ಮಹಾರಾಷ್ಟ್ರದ ಹೆಂಗಸರು ಕುಟ್ಟುವಾಗ ಓವಿ ಹಾಡುತ್ತಾರೆ ಎಂದೂ ಹೇಳುತ್ತಾನೆ. ಸುಮಾರು ಒಂಬೈನೂರು ವರ್ಷದ ಹಿಂದೆ, ಕನ್ನಡ ಅರಸ, ಸಂಸ್ಕೃತ ಗ್ರಂಥ, ಒಳಗೆ ಕನ್ನಡ ಮತ್ತು ಮರಾಠಿ ಹಾಡುಗಳು. ನಮ್ಮೂರ ಕಡೆ ಯಾರ ಭಾಷೆ ಮೊದಲು ಎಂದು ಜಗಳ ತೆಗೆಯುವವರು ಎರಡೂ ಬದಿಗೆ ಇದ್ದಾರೆ. ಇಬ್ಬರೂ ಈ ಪುಸ್ತಕವನ್ನು ಸಾಕ್ಷಿಗೆ ಕರೆಯಬಹುದು. ಪುಸ್ತಕ ಮಾತ್ರ ತೀರ್ಪು ಕೊಡದೆ ಇಬ್ಬರ ಹಾಡನ್ನೂ ಬರೆದಿಟ್ಟುಕೊಂಡಿದೆ.

5. ಮೈಸೂರು: ಕಥೆಯಾಗದ ಪೈಪೋಟಿ

ಆಸ್ಥಾನ ಸಂಗೀತಕ್ಕೆ ನಮ್ಮಲ್ಲಿ ಅತಿ ಹತ್ತಿರದ ಉದಾಹರಣೆ ಮೈಸೂರು. ವೀಣೆ ಶೇಷಣ್ಣ (1852–1926), ವೀಣೆ ಸುಬ್ಬಣ್ಣ (1861–1939): ಒಂದೇ ಆಸ್ಥಾನ, ಒಂದೇ ವಾದ್ಯ, ಒಂದೇ ಕಾಲ. ಮತ್ಸರದ ಕಥೆಗೆ ಬೇಕಾದ ಸಾಮಗ್ರಿ ಎಲ್ಲಾ ಇದೆ. ಆದರೂ ಮೈಸೂರಿಗೆ ಒಬ್ಬ ಪುಷ್ಕಿನ್ ಹುಟ್ಟಲಿಲ್ಲ. ಒಂದು ಕಾರಣ ಪಾಠದ ಸಂಬಂಧ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಶೇಷಣ್ಣ ವೀಣೆ ಕಲಿತದ್ದು ದೊಡ್ಡ ಶೇಷಣ್ಣನವರ ಹತ್ತಿರ. ಸುಬ್ಬಣ್ಣ ಆ ದೊಡ್ಡ ಶೇಷಣ್ಣನವರ ಮಗ. ಇನ್ನೊಂದು ಕಾರಣ, ಆ ಕಾಲವನ್ನು ನಮಗೆ ಬರೆದುಕೊಟ್ಟವರು. ಮೈಸೂರು ವಾಸುದೇವಾಚಾರ್ಯರು (1865–1961) ತಾವೂ ಆಸ್ಥಾನ ವಿದ್ವಾಂಸರು, ಅಂದರೆ ಅದೇ ಸಭೆಯ ಸ್ಪರ್ಧಿ. ಅವರ ‘ನಾ ಕಂಡ ಕಲಾವಿದರು’ ತಮ್ಮ ಸಮಕಾಲೀನರನ್ನು ಪ್ರೀತಿಯಿಂದ ನೆನೆಯುವ ಕನ್ನಡ ಗದ್ಯ. ಆಸ್ಥಾನದ ಕಥೆಯನ್ನು ಹೊರಗಿನವನು ಹೇಳಿದರೆ ಮತ್ಸರ ಮುಂದೆ ಬರುತ್ತದೆ, ಪಕ್ಕದಲ್ಲಿ ಕೂತು ಹಾಡಿದವನು ಹೇಳಿದರೆ ಸಂಗೀತ ಮುಂದೆ ಬರುತ್ತದೆ ಅಂತ ನನಗೆ ಅನಿಸುತ್ತದೆ.

ಹಾಗಂತ ಮೈಸೂರಿನಲ್ಲಿ ಪೈಪೋಟಿ ಇರಲಿಲ್ಲ ಎಂದಲ್ಲ. ಇದ್ದದ್ದು ಭಾಷೆಗಳ ನಡುವೆ, ವಿಯೆನ್ನಾದ ಹಾಗೇ. ಕನ್ನಡ ನಾಡಿನ ವಾಸುದೇವಾಚಾರ್ಯರು ತಮಿಳುನಾಡಿನ ತಿರುವೈಯಾರಿಗೆ ಹೋಗಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿ ಕಲಿತರು. ಅವರ ಕೀರ್ತನೆಗಳು ಬಹುಪಾಲು ತೆಲುಗು ಮತ್ತು ಸಂಸ್ಕೃತದಲ್ಲಿವೆ, ಏಕೆಂದರೆ ಕಛೇರಿಯ ಮಾನ್ಯ ಭಾಷೆ ಅದೇ ಆಗಿತ್ತು. ತಮಿಳುನಾಡಿನ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು (1877–1945) ಮೈಸೂರಿಗೆ ಬಂದು, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ಚಾಮುಂಡೇಶ್ವರಿಯ ಮೇಲೆ 108 ಕೃತಿಗಳನ್ನು ಕನ್ನಡದಲ್ಲಿ ರಚಿಸಿದರು. ಕನ್ನಡಿಗ ತೆಲುಗಿನಲ್ಲಿ, ತಮಿಳಿಗ ಕನ್ನಡದಲ್ಲಿ! ಅದೇ ಕಾಲಕ್ಕೆ ಬಿಡಾರಂ ಕೃಷ್ಣಪ್ಪನವರು (1866–1931) ದಾಸರ ಪದಗಳನ್ನು ಕಛೇರಿಯ ವೇದಿಕೆಗೆ ತಂದು ನಿಲ್ಲಿಸಿದರು. ಕನ್ನಡಕ್ಕೆ ಜಾಗ ಸಿಕ್ಕದ್ದು ಒಂದು ಕಡೆ ಅರಸನ ಇಚ್ಛೆಯಿಂದ, ಇನ್ನೊಂದು ಕಡೆ ಒಬ್ಬ ಗಾಯಕನ ಹಟದಿಂದ.

ಸಿಂಫನಿಯ ಮಾತಿಗೆ ಬಂದರೆ, ಮೈಸೂರು ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯಮೇಳವೂ ಇತ್ತು. ಶೇಷಣ್ಣನವರ ಶಿಷ್ಯ ವೆಂಕಟಗಿರಿಯಪ್ಪ (1887–1952) ನಾಲ್ವಡಿಯವರ ಪ್ರೇರಣೆಯಿಂದ ‘ನಗ್ಮಾ’ ಎಂಬ ವಾದ್ಯರಚನೆಗಳನ್ನು ಮಾಡಿದರು. ಮಾತಿಲ್ಲದೆ ವಾದ್ಯಗಳೇ ಮಾತಾಡುವ ರಚನೆಗೆ ನಮ್ಮಲ್ಲಿ ನಡೆದ ಪ್ರಯತ್ನ ಅದು. ಜಯಚಾಮರಾಜ ಒಡೆಯರಂತೂ ಲಂಡನ್ನಿನ ಕಡೆಗೇ ಕೈ ಚಾಚಿದರು. ರಿಚರ್ಡ್ ಸ್ಟ್ರಾಸ್ ಸತ್ತ ಮರುವರ್ಷ, 1950ರ ಮೇ 22ರಂದು, ಅವನ ಕೊನೆಯ ನಾಲ್ಕು ಹಾಡುಗಳು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಲ ಕೇಳಿಬಂದದ್ದು ಮೈಸೂರಿನ ಹಣದ ಬೆಂಬಲದಿಂದ. ಎಸ್ಟರ್‌ಹಾಜಿಯ ಕೆಲಸವನ್ನು ಅಷ್ಟು ದೂರದಿಂದ ನಮ್ಮ ಅರಸರೊಬ್ಬರು ಮಾಡಿದರು, ಅದೂ ಆಸ್ಥಾನಗಳ ಕಾಲವೇ ಮುಗಿಯುತ್ತಿದ್ದ ವರ್ಷದಲ್ಲಿ.

6. ಅರಸನಿಲ್ಲದ ಒಡ್ಡೋಲಗ

ಅರಸನಿಲ್ಲದಿದ್ದರೆ ಪೈಪೋಟಿ ಇರುವುದಿಲ್ಲವೇ? ಉತ್ತರ ಕರ್ನಾಟಕದ ಗೀಗೀ ಮೇಳಗಳ ಹರದೇಶಿ–ನಾಗೇಶಿ ಕೇಳಿದವರಿಗೆ ಉತ್ತರ ಗೊತ್ತು. ಹರದೇಶಿಯವರು ಪುರುಷ ಹೆಚ್ಚು ಎನ್ನುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಎನ್ನುತ್ತಾರೆ. ಒಬ್ಬರು ಸವಾಲು ಹಾಕಿದರೆ ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು, ಬೆಳಗಾಗುವ ತನಕ. ಮರಾಠಿ ಲಾವಣಿಯಲ್ಲಿ ಇದೇ ವಾದ ಕಲ್ಗಿ–ತುರಾ ಎಂಬ ಹೆಸರಿನಲ್ಲಿದೆ. ಗಡಿಯ ಎರಡೂ ಕಡೆ ಒಂದೇ ಜಗಳ, ಎರಡು ಭಾಷೆ. ಇಲ್ಲಿಯ ಸ್ವಾರಸ್ಯ ಎಂದರೆ ಈ ವಾದ ಯಾರೂ ಗೆದ್ದು ಮುಗಿಯಬೇಕಾದ್ದಲ್ಲ. ಗೆದ್ದರೆ ನಾಳೆ ಹಾಡಲಿಕ್ಕೆ ಏನುಳಿಯಿತು? ಎದುರಾಳಿ ಬೇಕು, ಇಲ್ಲದಿದ್ದರೆ ನನ್ನ ಹಾಡು ಅರ್ಧ. ಹೈಡನ್ನನಿಗೆ ಪ್ಲೆಯೆಲ್ ಬೇಕಾದದ್ದು ಹೀಗೇ.

7. ಚರ್ಚೆ

ಸಹಪಾಠಿಯೊಬ್ಬರು ಕೇಳಿದರು: ಹಾಗಾದರೆ ಕಲಾವಿದರಲ್ಲಿ ಮತ್ಸರವೇ ಇರುವುದಿಲ್ಲವೇ? ಖಂಡಿತ ಇರುತ್ತದೆ. ಹೈಡನ್ ಪ್ಲೆಯೆಲ್‌ಗಿಂತ ಹಿಂದೆ ಬೀಳಬಾರದು ಎಂದುಕೊಂಡದ್ದು ಸಣ್ಣ ಮತ್ಸರವೇ ಇರಬಹುದು. ನಾನು ಹೇಳುತ್ತಿರುವುದು ಇಷ್ಟೇ. ಮತ್ಸರದಿಂದ ಆ ನಗಾರಿಯ ಪೆಟ್ಟು ಹುಟ್ಟಬಹುದು, ಚಾಡಿಯೂ ಹುಟ್ಟಬಹುದು. ಯಾವುದು ಹುಟ್ಟುತ್ತದೆ ಎಂಬುದು ಕಲಾವಿದನ ಸ್ವಭಾವದ ಜೊತೆಗೆ ಸಂಬಳ, ಆಸನ, ಭಾಷೆ, ನಿರ್ಣಾಯಕ ಇವುಗಳನ್ನೂ ಅವಲಂಬಿಸಿದೆ. ನಾವು ಕಲಾವಿದನ ಸ್ವಭಾವವನ್ನು ಮಾತ್ರ ಓದಿ ಉಳಿದದ್ದನ್ನು ಬಿಡುತ್ತಿದ್ದೇವೆ.

ಗುರುಗಳೊಬ್ಬರು ಕೇಳಿದರು: ನಿನ್ನ ಶಾಲೆಯ ಆ ಸ್ಪರ್ಧೆಯಲ್ಲಿ ನಿರ್ಣಾಯಕ ನೀನೇ ಆಗಿದ್ದರೆ ಏನು ಮಾಡುತ್ತಿದ್ದೆ? ಗೋಷ್ಠಿಯಲ್ಲಿ ತಟ್ಟನೆ ಉತ್ತರ ಹೊಳೆಯಲಿಲ್ಲ, ನೆಟ್‌ವರ್ಕ್ ಸರಿಯಿಲ್ಲ ಅಂತ ತಪ್ಪಿಸಿಕೊಂಡೆ. ಈಗ ಬರೆಯುತ್ತೇನೆ. ಹಾಡಿದ ಹುಡುಗನನ್ನೇ ಕರೆದು, ಇದರ ಅರ್ಥ ಏನಪ್ಪಾ, ಮರಾಠಿಯಲ್ಲಿ ಹೇಳು ಎಂದು ಕೇಳುತ್ತಿದ್ದೆ. ನಾನು ಹೇಳಬಲ್ಲವನಾಗಿದ್ದೆ. ನಮ್ಮ ಅಜ್ಜಿ ಬೀಸುವಾಗ ಕನ್ನಡದ ತ್ರಿಪದಿಯನ್ನೂ ಮರಾಠಿ ಓವಿಯನ್ನೂ ಒಂದಾದ ಮೇಲೊಂದು ಹಾಡುತ್ತಿದ್ದಳು. ಅರ್ಥ ಕೇಳಿದರೆ ಒಂದನ್ನು ಇನ್ನೊಂದರಲ್ಲಿ ಬಿಡಿಸಿ ಹೇಳುತ್ತಿದ್ದಳು. ಬೀಸುಕಲ್ಲಿನ ಲಯ ಎರಡಕ್ಕೂ ಒಂದೇ ಇತ್ತು.